ನೀರಿನ ಹಿಂದೆ ಬಂದ ಜನ: ಅಮೆರಿಕದ ಫಿನ್ನಿ ಕೌಂಟಿಯ ಕಥೆ

ಅಮೆರಿಕದ ಬೇಸಾಯ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದಿಗಂತದವರೆಗೆ ಹಬ್ಬಿದ ಹೊಲ, ಅದರಲ್ಲಿ ಒಂಟಿಯಾಗಿ ಓಡಾಡುವ ಟ್ರಾಕ್ಟರು. ಆ ಚಿತ್ರ ಸುಳ್ಳಲ್ಲ. ಅಲ್ಲಿನ ಗ್ರಾಮಾಂತರದಲ್ಲಿ ಹೊಲಗಳು ದೊಡ್ಡವಾದಂತೆ ಮನೆಗಳು ಕಡಿಮೆಯಾಗಿವೆ. ಕಾನ್ಸಾಸ್ ರಾಜ್ಯದ ಪಶ್ಚಿಮ ಭಾಗದ ಹಾಡ್ಜ್‌ಮನ್ ಕೌಂಟಿಯನ್ನೇ ತೆಗೆದುಕೊಳ್ಳಿ. 1930ರಲ್ಲಿ ಅಲ್ಲಿ 4 ಸಾವಿರಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯಲ್ಲಿ 2 ಸಾವಿರವೂ ಇರಲಿಲ್ಲ. ಗೋಧಿ ಮಾತ್ರ ಈಗಲೂ ಬೆಳೆಯುತ್ತಿದೆ. ಬೆಳೆಯುವ ಕೈಗಳು ಕಡಿಮೆಯಾಗಿವೆ, ಅಷ್ಟೆ.

ಆದರೆ ಅದರ ಪಕ್ಕದಲ್ಲೇ ಇರುವ ಫಿನ್ನಿ ಕೌಂಟಿಯ ಲೆಕ್ಕ ಬೇರೆ. ಅದೇ ಮಳೆ, ಅದೇ ಗಾಳಿ, ಹೆಚ್ಚು ಕಡಿಮೆ ಅದೇ ಮಣ್ಣು. ಹಾಗಿದ್ದೂ 1930ರಲ್ಲಿ 11 ಸಾವಿರವಿದ್ದ ಜನಸಂಖ್ಯೆ 2020ರಲ್ಲಿ 38 ಸಾವಿರ ದಾಟಿತ್ತು. ಪಕ್ಕದ ಊರು ಬರಿದಾಗುವಾಗ ಈ ಊರು ತುಂಬಿದ್ದು ಹೇಗೆ? ತುಂಬಿದ್ದು ಹೀಗೇ ಉಳಿಯುವುದೇ? ಬೇಸಾಯಗಾರರಾದ ನಾವು ಕುಳಿತು ಯೋಚಿಸಬೇಕಾದ ಪ್ರಶ್ನೆಗಳಿವು.

ನೆಲ ಮತ್ತು ಮಳೆ

ಕೌಂಟಿ ಎಂಬುದು ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಆಡಳಿತ ಘಟಕ ಎಂದು ತಿಳಿಯಿರಿ. ಫಿನ್ನಿ ಕೌಂಟಿಯ ವಿಸ್ತೀರ್ಣ ಸುಮಾರು 1,300 ಚದರ ಮೈಲಿ. ಕಾನ್ಸಾಸಿನ ಕೌಂಟಿಗಳಲ್ಲಿ ಇದು ಎರಡನೆಯ ದೊಡ್ಡದು. ಕೇಂದ್ರ ಸ್ಥಳ ಗಾರ್ಡನ್ ಸಿಟಿ. ರಾಕಿ ಪರ್ವತಗಳಲ್ಲಿ ಹುಟ್ಟಿ ಕೊಲೊರಾಡೊ ರಾಜ್ಯವನ್ನು ದಾಟಿ ಬರುವ ಅರ್ಕಾನ್ಸಾಸ್ ನದಿ ಈ ಪಟ್ಟಣದ ಪಕ್ಕದಲ್ಲೇ ಸಾಗುತ್ತದೆ. ನದಿಯ ದಕ್ಷಿಣಕ್ಕೆ ಮರಳು ದಿಬ್ಬಗಳು, ಉತ್ತರಕ್ಕೆ ಆಳವಾದ ಫಲವತ್ತಾದ ಮಣ್ಣು. ಮರಗಿಡ ಕಡಿಮೆ, ಗಾಳಿ ಬಲು ಜೋರು. ವರ್ಷದ ಮಳೆ ಸರಾಸರಿ 19 ಅಂಗುಲದ ಆಸುಪಾಸು. ಅದೂ ಸರಾಸರಿ ಮಾತ್ರ. ಒಂದು ವರ್ಷ ಕೈ ತುಂಬ ಕೊಟ್ಟು ಮರುವರ್ಷ ಕೈ ಕೊಡುವ ಮಳೆ ಅದು.

1870ರ ದಶಕದವರೆಗೆ ಇಲ್ಲಿ ಕಾಡೆಮ್ಮೆಗಳ ದೊಡ್ಡ ಹಿಂಡುಗಳು ಮೇಯುತ್ತಿದ್ದವು. ಷೈಯೆನ್, ಕಿಯೊವಾ, ಕೊಮಾಂಚಿ ಮೊದಲಾದ ಮೂಲನಿವಾಸಿ ಜನಾಂಗಗಳ ಬದುಕು ಆ ಹಿಂಡುಗಳನ್ನೇ ನಂಬಿತ್ತು. 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದ ಮೂಲಕ ಅವರನ್ನು ದಕ್ಷಿಣಕ್ಕೆ ಸರಿಸಲಾಯಿತು. ಚರ್ಮದ ವ್ಯಾಪಾರಕ್ಕಾಗಿ ಬೇಟೆಗಾರರು ಕೆಲವೇ ವರ್ಷಗಳಲ್ಲಿ ಕಾಡೆಮ್ಮೆಗಳನ್ನು ಮುಗಿಸಿದರು. ಜನ ಬಂದು ನೆಲೆಸಿದ ಕಥೆಯನ್ನು ಹೇಳುವಾಗ ಜನರನ್ನು ಎಬ್ಬಿಸಿ ಕಳಿಸಿದ ಈ ಮೊದಲ ಅಧ್ಯಾಯವನ್ನು ಮರೆಯಬಾರದು.

ರೈಲು, ಕಾಲುವೆ, ಮತ್ತು ಮೊದಲ ಜನಸಂದಣಿ

1872ರಲ್ಲಿ ಸಾಂಟಾ ಫೆ ರೈಲು ಮಾರ್ಗ ಇಲ್ಲಿಗೆ ಬಂದಿತು. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ 5 ವರ್ಷ ನೆಲೆಸಿ ಉಳುಮೆ ಮಾಡಿದವನಿಗೆ 160 ಎಕರೆ ಸರ್ಕಾರಿ ಭೂಮಿ ದೊರೆಯುತ್ತಿತ್ತು. 1878ರಲ್ಲಿ ಫುಲ್ಟನ್ ಸಹೋದರರು ಮತ್ತಿತರರು ಗಾರ್ಡನ್ ಸಿಟಿಗೆ ಅಡಿಗಲ್ಲು ಹಾಕಿದರು. ಆಗ ಈ ಕೌಂಟಿಯ ಹೆಸರು ಸಿಕೋಯಾ. 1880ರಲ್ಲಿ ಇದ್ದ ಜನ 568 ಮಾತ್ರ. 1883ರಲ್ಲಿ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಡೇವಿಡ್ ಫಿನ್ನಿಯವರ ಹೆಸರನ್ನು ಇಡಲಾಯಿತು.

ಮೊದಲ ಒಕ್ಕಲುಗಳಿಗೆ ಮಳೆ ಸಾಲದೆಂಬುದು ಬೇಗನೆ ಮನವರಿಕೆಯಾಯಿತು. 1880ರ ಹೊತ್ತಿಗೆ ನದಿಯಿಂದ ಮೊದಲ ಕಾಲುವೆ ತೆಗೆದರು. ನೀರು ಹರಿದ ಹೊಲ ಹಸಿರಾಯಿತು, ಸುದ್ದಿ ರೈಲಿನ ಜೊತೆಯಲ್ಲೇ ಪೂರ್ವಕ್ಕೆ ಹೋಯಿತು. 1885ರಿಂದ 1887ರವರೆಗೆ ಭೂಮಿಯ ಭರಾಟೆ. ಆ ದಿನಗಳಲ್ಲಿ 'ನೇಗಿಲ ಹಿಂದೆ ಮಳೆ ಬರುತ್ತದೆ' ಎಂಬ ನಂಬಿಕೆ ಅಮೆರಿಕದ ಬಯಲು ಸೀಮೆಯಲ್ಲೆಲ್ಲ ಹಬ್ಬಿತ್ತು. ಭೂಮಿ ಮಾರುವವರಿಗೆ ಅದು ಬಹಳ ಅನುಕೂಲದ ನಂಬಿಕೆಯೇ ಆಗಿತ್ತು.

1886ರ ಜನವರಿಯ ಹಿಮ ಬಿರುಗಾಳಿಗೆ ಬಯಲಿನ ದನಗಳು ಹಿಂಡು ಹಿಂಡಾಗಿ ಸತ್ತವು. ಊರಿನ ಸ್ಥಾಪಕರಲ್ಲೊಬ್ಬನಾದ ಸಿ.ಜೆ. ಜೋನ್ಸ್ ಎಂಬಾತ ಆ ಸಾವನ್ನು ಕಂಡು, ಚಳಿ ತಡೆಯುವ ಕಾಡೆಮ್ಮೆಯ ಕರುಗಳನ್ನು ಟೆಕ್ಸಾಸ್‌ನಿಂದ ಹಿಡಿದು ತಂದು ದನಗಳೊಡನೆ ಮಿಶ್ರತಳಿ ಮಾಡಲು ಹೊರಟ. ತಳಿ ನಿಲ್ಲಲಿಲ್ಲ. ಆದರೆ ಅಳಿಯುತ್ತಿದ್ದ ಕಾಡೆಮ್ಮೆಯ ಸಂತತಿ ಉಳಿಯಲು ಅವನ ಪ್ರಯತ್ನವೂ ಒಂದು ಕಾರಣವಾಯಿತು. 'ಬಫೆಲೊ ಜೋನ್ಸ್' ಎಂದೇ ಜನ ಅವನನ್ನು ಕರೆದರು. ಬಿರುಗಾಳಿಯ ಬೆನ್ನಿಗೇ ಬರಗಾಲವೂ ಬಂದು ಭೂಮಿಯ ಬೆಲೆ ಕುಸಿಯಿತು, ಎಷ್ಟೋ ಕುಟುಂಬಗಳು ಗಾಡಿ ಕಟ್ಟಿದವು.

ಈ ಭರಾಟೆಯ ಕಾಲದ ಒಂದು ಪ್ರಸಂಗ ಹೇಳಲೇಬೇಕು. ಫಿನ್ನಿಯ ಈಶಾನ್ಯಕ್ಕೆ 1887ರಲ್ಲಿ ಗಾರ್ಫೀಲ್ಡ್ ಎಂಬ ಹೊಸ ಕೌಂಟಿ ಹುಟ್ಟಿತು. ಕೇಂದ್ರ ಸ್ಥಳ ನಮಗೆ ಬೇಕೆಂದು ರವಾನಾ ಮತ್ತು ಎಮಿನೆನ್ಸ್ ಎಂಬ ಎರಡು ಊರುಗಳು ಹೊಡೆದಾಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಕೊನೆಗೆ ಅಳೆದು ನೋಡಿದಾಗ, ರಾಜ್ಯದ ಕಾನೂನಿನಂತೆ ಒಂದು ಕೌಂಟಿಗೆ ಇರಬೇಕಾದ 432 ಚದರ ಮೈಲಿ ಅಲ್ಲಿ ಇರಲಿಲ್ಲ! 1893ರಲ್ಲಿ ಗಾರ್ಫೀಲ್ಡನ್ನು ಫಿನ್ನಿಗೆ ಸೇರಿಸಿಬಿಟ್ಟರು. ಫಿನ್ನಿಯ ನಕ್ಷೆಯಲ್ಲಿ ಈಗಲೂ ಮೂಲೆಯಲ್ಲಿ ಒಂದು ತುಂಡು ಹೊರ ಚಾಚಿದೆ. ಜಗಳವಾಡಿದ ಎರಡು ಊರುಗಳೂ ಹಾಳು ಬಿದ್ದವು.

ನದಿ ಒಣಗಿತು, ಬೀಟ್ ಬಂದಿತು

ಕಾಲುವೆಯ ನೀರೂ ಬಹಳ ಕಾಲ ನಿಲ್ಲಲಿಲ್ಲ. ಮೇಲ್ಭಾಗದ ಕೊಲೊರಾಡೊದ ರೈತರೂ ಅದೇ ನದಿಯಿಂದ ಕಾಲುವೆ ತೆಗೆದರು. ಕೆಳಗಿನವರಿಗೆ ಮರಳು ಉಳಿಯಿತು. 1901ರಲ್ಲಿ ಕಾನ್ಸಾಸ್ ರಾಜ್ಯ ಕೊಲೊರಾಡೊದ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 1907ರಲ್ಲಿ ತೀರ್ಪು ಬಂದಿತು. ಕಾನ್ಸಾಸ್ ಕೇಳಿದ್ದು ಆಗ ದೊರೆಯಲಿಲ್ಲ. ಆದರೆ ನದಿ ಎರಡು ರಾಜ್ಯಗಳ ನಡುವೆ ನ್ಯಾಯವಾಗಿ ಹಂಚಿಕೆಯಾಗಬೇಕೆಂಬ ತತ್ತ್ವ ನೆಲೆಗೊಂಡಿತು. 1949ರಲ್ಲಿ ಎರಡು ರಾಜ್ಯಗಳೂ ಒಪ್ಪಂದ ಮಾಡಿಕೊಂಡವು. 1985ರಲ್ಲಿ ಮತ್ತೆ ದಾವೆ. ಕೊಲೊರಾಡೊದ ಬಾವಿಗಳು ನದಿಯ ನೀರನ್ನು ಒಳಗಿನಿಂದಲೇ ಎಳೆಯುತ್ತಿವೆ ಎಂಬುದು ಕಾನ್ಸಾಸ್‌ನ ಮುಖ್ಯ ದೂರು. ಅದು ಸಾಬೀತಾಗಿ 2005ರಲ್ಲಿ ಕೊಲೊರಾಡೊ 3 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ತೆತ್ತಿತು. ಹಣ ಬಂದಿತು, ಗಾರ್ಡನ್ ಸಿಟಿಯ ಸೇತುವೆಯ ಕೆಳಗೆ ನದಿಯ ಪಾತ್ರ ಮಾತ್ರ ಹೆಚ್ಚಿನ ದಿನ ಒಣಗಿಯೇ ಇರುತ್ತದೆ.

ಎರಡನೆಯ ಜನಸಂದಣಿಗೆ ಕಾರಣ ಸಕ್ಕರೆ ಬೀಟ್. 1906ರಲ್ಲಿ ಗಾರ್ಡನ್ ಸಿಟಿಯಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ನೀರಿಗಾಗಿ ಕಂಪನಿ ಜಲಾಶಯವನ್ನೂ ಕಟ್ಟಿಸಿತು. ಬೀಟ್ ಬೆಳೆಯಲ್ಲಿ ಸಸಿ ತೆಳುಗೊಳಿಸುವುದು, ಕಳೆ ಕೀಳುವುದು, ಕಿತ್ತು ಎಲೆ ಕತ್ತರಿಸುವುದು, ಎಲ್ಲವೂ ಕೈಕೆಲಸ. ಮೊದಲು ರೈಲು ಹಳಿಯ ಕೆಲಸಕ್ಕೂ ಆಮೇಲೆ ಬೀಟ್ ಹೊಲಕ್ಕೂ ಮೆಕ್ಸಿಕೊ ದೇಶದ ಕೂಲಿಕಾರರು ಬಂದು ನೆಲೆಸಿದರು. 1900ರಲ್ಲಿ 3,469 ಇದ್ದ ಜನ 1910ರಲ್ಲಿ 6,908 ಆದರು. ಹತ್ತೇ ವರ್ಷಗಳಲ್ಲಿ ಇಮ್ಮಡಿ. ಕಾರ್ಖಾನೆ 1955ರಲ್ಲಿ ಮುಚ್ಚಿತು. ಬೀಟ್ ಹೋಯಿತು, ಕೂಲಿಕಾರರ ಮಕ್ಕಳು ಊರಿನವರಾಗಿ ಉಳಿದರು.

1907ರಲ್ಲಿ ಕಾನ್ಸಾಸ್ ಕೃಷಿ ಕಾಲೇಜಿನ ಪ್ರಯೋಗ ಕೇಂದ್ರವೂ ಇಲ್ಲಿ ಸ್ಥಾಪನೆಯಾಯಿತು. ಸಂಶೋಧನೆ, ಶಿಕ್ಷಣ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರುವ ಈ ಅಮೆರಿಕನ್ ಪದ್ಧತಿಯ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತೆಂಬುದನ್ನು ಓದುಗರು ಬಲ್ಲರು. ಒಂದು ವರ್ಷ ನೆಲವನ್ನು ಬೀಳು ಬಿಟ್ಟು, ತೇವ ಕೂಡಿಟ್ಟು, ಮರುವರ್ಷ ಗೋಧಿ ಬಿತ್ತುವ ಕ್ರಮದ ಮೇಲೆ ಇಂಥ ಕೇಂದ್ರಗಳು ಹೆಚ್ಚಿನ ಕೆಲಸ ಮಾಡಿವೆ. ಎಲ್ಲ ಪ್ರಯೋಗಗಳೂ ಗೆಲ್ಲಲಿಲ್ಲ. ಮರಳು ದಿಬ್ಬಗಳ ಮೇಲೆ ಕಾಡು ಬೆಳೆಸುವುದಾಗಿ ಕೇಂದ್ರ ಸರ್ಕಾರ 1905ರಲ್ಲಿ ಅರಣ್ಯವೆಂದು ಘೋಷಿಸಿ ಸಸಿ ನೆಡಿಸಿತು. ಬಹುಪಾಲು ಸಸಿಗಳು ಒಣಗಿದವು. 1915ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ಅದರ ಒಂದು ಭಾಗದಲ್ಲಿ 1924ರಿಂದ ಕಾಡೆಮ್ಮೆಗಳನ್ನು ಸಾಕುತ್ತಿದ್ದಾರೆ. ಆ ನೆಲಕ್ಕೆ ಹೊಂದುವುದು ಹುಲ್ಲೇ ಹೊರತು ಮರವಲ್ಲ.

ಧೂಳಿನ ವರ್ಷಗಳು

ಮೊದಲ ಮಹಾಯುದ್ಧದ ಕಾಲದ ಗೋಧಿ ಬೆಲೆ, ಆನಂತರದ ಟ್ರಾಕ್ಟರು ಇವೆರಡೂ ಸೇರಿ ಹುಲ್ಲುಗಾವಲನ್ನೆಲ್ಲ ಉಳುವಂತೆ ಮಾಡಿದವು. 1920ರಿಂದ 1930ಕ್ಕೆ ಜನಸಂಖ್ಯೆ 7,674ರಿಂದ 11,014ಕ್ಕೆ ಏರಿತು. ನಂತರ ಬೆಲೆ ಬಿದ್ದಿತು, ಮಳೆ ನಿಂತಿತು. ಬೇರಿನ ಹಿಡಿತ ತಪ್ಪಿದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರ ಭಾನುವಾರ ಹಗಲಿನಲ್ಲೇ ಕತ್ತಲೆ ಕವಿಯಿತು. ಆ ದಿನವನ್ನು ಅಲ್ಲಿನ ಜನ ಇಂದಿಗೂ 'ಕಪ್ಪು ಭಾನುವಾರ' ಎನ್ನುತ್ತಾರೆ. ಅದೇ ವರ್ಷ ಅಮೆರಿಕ ಸರ್ಕಾರ ಮಣ್ಣು ಸಂರಕ್ಷಣಾ ಇಲಾಖೆಯನ್ನು ತೆರೆದು ಪಟ್ಟಿ ಬೇಸಾಯ, ಸಮಪಾತಳಿ ಉಳುಮೆ, ಕೂಳೆ ಉಳಿಸುವುದು ಮೊದಲಾದ ಕ್ರಮಗಳನ್ನು ರೈತರ ಹೊಲಗಳಲ್ಲೇ ಮಾಡಿ ತೋರಿಸಿತು. ಹಲವು ಕುಟುಂಬಗಳು ಊರು ಬಿಟ್ಟವು. 1940ರ ಗಣತಿಯಲ್ಲಿ ಸುಮಾರು 900 ಜನ ಕಡಿಮೆಯಾಗಿದ್ದರು.

ನೆಲದಡಿಯ ಸಮುದ್ರ

ಮಳೆಯೂ ಇಲ್ಲ, ನದಿಯೂ ಇಲ್ಲ ಎಂದಾದ ಮೇಲೆ ಉಳಿದದ್ದು ನೆಲದಡಿಯ ನೀರು. ಎಂಟು ರಾಜ್ಯಗಳ ಕೆಳಗೆ ಹಬ್ಬಿರುವ ಒಗಲಾಲಾ ಎಂಬ ಮರಳು-ಜಲ್ಲಿಯ ಪದರದಲ್ಲಿ ಸಾವಿರಾರು ವರ್ಷಗಳಿಂದ ನೀರು ಶೇಖರವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಆಳದಿಂದ ನೀರೆತ್ತುವ ಟರ್ಬೈನ್ ಪಂಪು ಸುಲಭವಾಗಿ ಸಿಗತೊಡಗಿತು. ಅದನ್ನು ಓಡಿಸಲು ಅದೇ ನೆಲದಡಿಯ ಹ್ಯೂಗೊಟನ್ ಕ್ಷೇತ್ರದ ನೈಸರ್ಗಿಕ ಅನಿಲ ಅಗ್ಗದಲ್ಲಿ ದೊರೆಯಿತು. 1950ರ ದಶಕದ ಬರ ರೈತರನ್ನು ಬಾವಿಯ ಕಡೆಗೆ ನೂಕಿತು. 1952ರಲ್ಲಿ ಕೊಲೊರಾಡೊದ ಫ್ರಾಂಕ್ ಜೈಬಾಕ್ ಎಂಬ ರೈತ ತಿರುಗುವ ತುಂತುರು ಯಂತ್ರಕ್ಕೆ ಪೇಟೆಂಟ್ ಪಡೆದರು. ಹೊಲದ ನಡುವಿನ ಬಾವಿಯನ್ನು ಕೇಂದ್ರ ಮಾಡಿಕೊಂಡು, ಚಕ್ರಗಳ ಮೇಲೆ ನಿಂತ ಉದ್ದನೆಯ ಕೊಳವೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತ ನೀರು ಚಿಮುಕಿಸುತ್ತದೆ. 160 ಎಕರೆಯ ಚೌಕದಲ್ಲಿ ಸುಮಾರು 125 ಎಕರೆಗೆ ನೀರು ಸಿಗುತ್ತದೆ. ಏರುಪೇರಿನ ಮರಳು ದಿಬ್ಬದಲ್ಲೂ ಇದರಿಂದ ಮುಸುಕಿನ ಜೋಳ ಬೆಳೆಯಿತು.

ಮುಸುಕಿನ ಜೋಳ ಬಂದ ಮೇಲೆ ದನ ಬಂದವು. 1951ರಲ್ಲಿ ಅರ್ಲ್ ಬ್ರೂಕೋವರ್ ಎಂಬವರು ಗಾರ್ಡನ್ ಸಿಟಿಯಲ್ಲಿ ದನ ಕೊಬ್ಬಿಸುವ ದೊಡ್ಡ ಅಂಗಳ ತೆರೆದರು. ಅವರನ್ನು ನೋಡಿ ಇನ್ನೂ ಹಲವರು ತೆರೆದರು. ದನ ಬಂದ ಮೇಲೆ ಮಾಂಸದ ಕಾರ್ಖಾನೆ ಬಂದಿತು. ಹಿಂದೆ ದನಗಳನ್ನು ರೈಲಿನಲ್ಲಿ ಚಿಕಾಗೊ ನಗರಕ್ಕೆ ಸಾಗಿಸುತ್ತಿದ್ದರು. ಚಿಕಾಗೊದ ಹೆಸರಾಂತ ದನದ ಪೇಟೆ 1971ರಲ್ಲಿ ಮುಚ್ಚಿತು. ಜೀವಂತ ದನ ಸಾಗಿಸುವುದಕ್ಕಿಂತ, ದನ ಇದ್ದಲ್ಲೇ ಕೊಯ್ದು ಪೆಟ್ಟಿಗೆಯಲ್ಲಿ ಮಾಂಸ ಕಳಿಸುವುದು ಅಗ್ಗವೆಂದು ಕಂಪನಿಗಳು ಲೆಕ್ಕ ಹಾಕಿದ್ದವು. 1980ರ ಡಿಸೆಂಬರಿನಲ್ಲಿ ಐಬಿಪಿ ಕಂಪನಿ ಗಾರ್ಡನ್ ಸಿಟಿಯ ಪಕ್ಕದ ಹಾಲ್ಕಂಬ್‌ನಲ್ಲಿ ಆಗಿನ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾದ ಗೋಮಾಂಸ ಕಾರ್ಖಾನೆಯನ್ನು ಆರಂಭಿಸಿತು. 1983ರಲ್ಲಿ ಗಾರ್ಡನ್ ಸಿಟಿಯ ಇನ್ನೊಂದು ಕಾರ್ಖಾನೆಯೂ ವಿಸ್ತರಣೆಯಾಯಿತು.

ಹೊಸ ಜನ, ಹೊಸ ಭಾಷೆಗಳು

ಸಾವಿರಾರು ಕೆಲಸಗಾರರು ಬೇಕಾದರು. ಊರಿನಲ್ಲಿ ಅಷ್ಟು ಜನ ಇರಲಿಲ್ಲ. ಇದ್ದವರೂ ಚಳಿಯ ಕೋಣೆಯಲ್ಲಿ ನಿಂತು ದಿನವಿಡೀ ಚೂರಿ ಹಿಡಿಯುವ ಅಪಾಯದ ಕೆಲಸಕ್ಕೆ ಒಪ್ಪಲಿಲ್ಲ. ಯುದ್ಧದಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದಿದ್ದ ವಿಯೆಟ್ನಾಂ ಮತ್ತು ಲಾವೋಸ್ ದೇಶಗಳ ಜನ, ಮೆಕ್ಸಿಕೊದವರು, ಮಧ್ಯ ಅಮೆರಿಕದವರು ಬಂದರು. 2000ದ ನಂತರ ಸೊಮಾಲಿಯಾ ಮತ್ತು ಬರ್ಮಾದ ನಿರಾಶ್ರಿತರೂ ಸೇರಿಕೊಂಡರು. ಜನಗಣತಿಯ ಅಂಕಿಗಳನ್ನು ಒಟ್ಟಿಗೆ ನೋಡಿರಿ:

1940 – 10,092
1960 – 16,093
1980 – 23,825
1990 – 33,070
2000 – 40,523
2010 – 36,776
2020 – 38,470

1980ರಿಂದ 1990ರವರೆಗೆ ಕಾನ್ಸಾಸ್ ರಾಜ್ಯದ ಜನಸಂಖ್ಯೆ ಶೇಕಡಾ 5ರಷ್ಟು ಹೆಚ್ಚಿದರೆ ಫಿನ್ನಿ ಕೌಂಟಿಯಲ್ಲಿ ಶೇಕಡಾ 39ರಷ್ಟು ಹೆಚ್ಚಿತು. ಮನೆಗಳು ಸಾಲದೆ ಚಕ್ರದ ಮನೆಗಳ ಸಾಲುಗಳೇ ಎದ್ದವು. ಶಾಲೆಗಳಲ್ಲಿ ಮಕ್ಕಳು ಕಿಕ್ಕಿರಿದರು. ಇಂಗ್ಲಿಷ್ ಬಾರದ ಮಕ್ಕಳಿಗೆ ಎರಡು ಭಾಷೆ ಬಲ್ಲ ಶಿಕ್ಷಕರನ್ನು ಹುಡುಕಬೇಕಾಯಿತು. ಕೆಲಸದಲ್ಲಿ ಗಾಯಗೊಂಡವರು, ಕೆಲಸ ಬಿಟ್ಟವರು, ಹೊಸದಾಗಿ ಸೇರಿದವರು ಹೀಗೆ ಜನ ಬಂದು ಹೋಗುವುದು ನಿಲ್ಲಲಿಲ್ಲ. ಚರ್ಚುಗಳು, ಶಾಲೆಗಳು, ಪೊಲೀಸರು ಆರಂಭದಲ್ಲೇ ಜೊತೆ ಕುಳಿತು ಹೊಸಬರನ್ನು ಬರಮಾಡಿಕೊಳ್ಳಲು ನಿರ್ಧರಿಸಿದ್ದು ಊರಿಗೆ ಉಪಕಾರವಾಯಿತು ಎಂದು ಇದನ್ನು ಅಭ್ಯಾಸ ಮಾಡಿದ ಸಮಾಜ ವಿಜ್ಞಾನಿಗಳು ಹೇಳಿದ್ದಾರೆ. ಈಗ ಅಲ್ಲಿನ ಜನರಲ್ಲಿ ಅರ್ಧದಷ್ಟು ಮಂದಿ ಸ್ಪ್ಯಾನಿಷ್ ಮೂಲದವರು.

ಎಲ್ಲವೂ ಸುಗಮವೆಂದು ತಿಳಿಯಬೇಡಿ. 2016ರ ಅಕ್ಟೋಬರಿನಲ್ಲಿ, ಸೊಮಾಲಿಯಾದ ಕುಟುಂಬಗಳು ವಾಸವಿದ್ದ ಗಾರ್ಡನ್ ಸಿಟಿಯ ಮನೆಗಳ ಸಮುಚ್ಚಯವನ್ನು ಬಾಂಬಿನಿಂದ ಉಡಾಯಿಸಲು ಸಂಚು ಮಾಡಿದ್ದ ಮೂವರನ್ನು ಬಂಧಿಸಲಾಯಿತು. 2018ರಲ್ಲಿ ಅಪರಾಧ ಸಾಬೀತಾಗಿ 2019ರಲ್ಲಿ ಅವರಿಗೆ 25 ವರ್ಷ ಹಾಗೂ ಅದಕ್ಕೂ ಹೆಚ್ಚಿನ ಸೆರೆವಾಸವಾಯಿತು.

ಪಟ್ಟಿಯಲ್ಲಿ 2010ರ ಅಂಕಿ ಇಳಿದಿರುವುದನ್ನು ಗಮನಿಸಿದಿರಾ? 2000ದ ಡಿಸೆಂಬರ್ 25ರ ರಾತ್ರಿ ಗಾರ್ಡನ್ ಸಿಟಿಯ ಕಾನಾಗ್ರಾ ಕಂಪನಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. 2,300 ಮಂದಿ ಒಂದೇ ರಾತ್ರಿಯಲ್ಲಿ ಕೆಲಸ ಕಳೆದುಕೊಂಡರು. ಕಂಪನಿ ಅದನ್ನು ಮತ್ತೆ ಕಟ್ಟಲಿಲ್ಲ. ಜನಸಂಖ್ಯೆ ಇಳಿಯಲು ಇದು ದೊಡ್ಡ ಕಾರಣ. ಐಬಿಪಿಯನ್ನು 2001ರಲ್ಲಿ ಕೊಂಡ ಟೈಸನ್ ಕಂಪನಿಯ ಹಾಲ್ಕಂಬ್ ಕಾರ್ಖಾನೆಯಲ್ಲೂ 2019ರ ಆಗಸ್ಟಿನಲ್ಲಿ ಬೆಂಕಿ ಬಿದ್ದಿತು. ಅದನ್ನು ಮಾತ್ರ ದುರಸ್ತಿ ಮಾಡಿ ಡಿಸೆಂಬರಿನಲ್ಲಿ ಮತ್ತೆ ಓಡಿಸಿದರು. ಆ ನಾಲ್ಕು ತಿಂಗಳು ಇಡೀ ಅಮೆರಿಕದ ದನದ ಪೇಟೆ ಏರುಪೇರಾಗಿತ್ತು.

ಖರ್ಚಿನ ಪುಸ್ತಕ

ಇಷ್ಟನ್ನೂ ಹೊತ್ತು ನಿಂತಿರುವ ಕಂಬ ಯಾವುದು? ಕಾರ್ಖಾನೆಗೆ ದನ, ದನಕ್ಕೆ ಮೇವು, ಮೇವಿಗೆ ಒಗಲಾಲಾದ ನೀರು. ಒಂದು ಬೆಳೆ ಮುಸುಕಿನ ಜೋಳಕ್ಕೆ ಬಾವಿಯಿಂದ ಒಂದು ಅಡಿಗೂ ಹೆಚ್ಚು ನೀರು ಕೊಡಬೇಕಾಗುತ್ತದೆ. ಮಳೆಯಿಂದ ಆ ಪದರಕ್ಕೆ ಇಂಗುವುದು ವರ್ಷಕ್ಕೆ ಒಂದು ಅಂಗುಲಕ್ಕೂ ಕಡಿಮೆ. ತೆಗೆಯುವುದೆಷ್ಟು, ತುಂಬುವುದೆಷ್ಟು ಎಂದು ನೀವೇ ಲೆಕ್ಕ ಹಾಕಿರಿ. ನೈಋತ್ಯ ಕಾನ್ಸಾಸ್‌ನ ಹಲವೆಡೆ ನೀರಿನ ಮಟ್ಟ 100 ಅಡಿಗೂ ಹೆಚ್ಚು ಕುಸಿದಿದೆ. ಕೆಲವು ಬಾವಿಗಳು ಪೂರ್ತಿ ವೃತ್ತಕ್ಕೆ ನೀರು ಸಾಲದೆ ಅರ್ಧ ವೃತ್ತಕ್ಕೆ ಇಳಿದಿವೆ. ಕೆಲವು ಹೊಲಗಳು ಮತ್ತೆ ಖುಷ್ಕಿಗೆ ತಿರುಗಿವೆ.

ಸರ್ಕಾರ ಕಣ್ಣು ಮುಚ್ಚಿ ಕುಳಿತಿತ್ತೆಂದಲ್ಲ. 1945ರ ಕಾನೂನಿನಂತೆ ನೀರಿಗೆ ಪರವಾನಗಿ ಬೇಕು. ಮೊದಲು ಪಡೆದವನಿಗೆ ಮೊದಲ ಹಕ್ಕು. 1976ರಲ್ಲಿ ಗಾರ್ಡನ್ ಸಿಟಿ ಕೇಂದ್ರವಾಗಿ ಅಂತರ್ಜಲ ನಿರ್ವಹಣಾ ಜಿಲ್ಲೆಯೂ ಸ್ಥಾಪನೆಯಾಯಿತು. ಆದರೆ ಅಷ್ಟು ಹೊತ್ತಿಗೆ ಕೊಟ್ಟ ಪರವಾನಗಿಗಳ ಮೊತ್ತವೇ ಪದರ ತಾಳುವುದಕ್ಕಿಂತ ಬಹಳ ಹೆಚ್ಚಾಗಿತ್ತು.

ಇಲ್ಲಿ ನಮಗೆ ಉಪಯೋಗವಾಗುವ ಒಂದು ಉದಾಹರಣೆಯಿದೆ. ಅದೇ ರಾಜ್ಯದ ವಾಯವ್ಯದಲ್ಲಿ ಶೆರಿಡನ್ ಕೌಂಟಿಯ ಸುತ್ತಮುತ್ತ ಸುಮಾರು 99 ಚದರ ಮೈಲಿಯ ರೈತರು, ಯಾರ ಒತ್ತಾಯವೂ ಇಲ್ಲದೆ ತಾವೇ ಸೇರಿ, ನೀರೆತ್ತುವುದನ್ನು ಶೇಕಡಾ 20ರಷ್ಟು ಕಡಿಮೆ ಮಾಡಲು 2012ರ ಕಾನೂನಿನಡಿ ಒಪ್ಪಿಕೊಂಡರು. ಎಲ್ಲರಿಗೂ ಒಂದೇ ನಿಯಮ. 5 ವರ್ಷಗಳಿಗೆ 55 ಅಂಗುಲ. ಬೇಕಾದ ವರ್ಷ ಹೆಚ್ಚು, ಬೇಡದ ವರ್ಷ ಕಡಿಮೆ ಬಳಸಬಹುದು. 2013ರಿಂದ ಇದು ಜಾರಿಗೆ ಬಂದಿತು. ಕೆಲವರು ಜೋಳ ಕಡಿಮೆ ಮಾಡಿ ಕಡಿಮೆ ನೀರಿನ ಬೆಳೆಗೆ ಹೋದರು; ಮಣ್ಣಿನ ತೇವ ನೋಡಿ ನೀರು ಕೊಡುವುದನ್ನು ಕಲಿತರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದ ಕೃಷಿ ಅರ್ಥಶಾಸ್ತ್ರಜ್ಞರು ಲೆಕ್ಕ ನೋಡಿದಾಗ ಇಳುವರಿ ಸ್ವಲ್ಪ ತಗ್ಗಿದ್ದರೂ ಖರ್ಚು ಕಡಿಮೆಯಾದ್ದರಿಂದ ನಿವ್ವಳ ಲಾಭಕ್ಕೆ ಪೆಟ್ಟು ಬಿದ್ದಿರಲಿಲ್ಲ. ನೀರಿನ ಮಟ್ಟ ಕುಸಿಯುವ ವೇಗವೂ ತಗ್ಗಿತು. ಅವಧಿ ಮುಗಿದಾಗ ಅದನ್ನು ಮುಂದುವರಿಸಲಾಯಿತು. 2023ರಲ್ಲಿ ರಾಜ್ಯದ ಶಾಸನ ಸಭೆ ಎಲ್ಲ ಅಂತರ್ಜಲ ಜಿಲ್ಲೆಗಳೂ ತಮ್ಮ ಕುಸಿತ ತಡೆಯುವ ಯೋಜನೆ ಸಲ್ಲಿಸಬೇಕೆಂದು ಕಾನೂನು ಮಾಡಿತು.

ಫಿನ್ನಿ ಕೌಂಟಿಗೆ ಜನ ನಾಲ್ಕು ಸಲ ತುಂಬಿ ಬಂದರು: ಕಾಲುವೆಗೆ ಒಮ್ಮೆ, ಬೀಟ್‌ಗೆ ಒಮ್ಮೆ, ಗೋಧಿಗೆ ಒಮ್ಮೆ, ಬಾವಿಯ ನೀರಿಗೆ ಮತ್ತೊಮ್ಮೆ. ಮೊದಲ ಮೂರು ಆಸರೆಗಳು ಕಳಚಿದಾಗಲೂ ಇನ್ನೊಂದು ಆಸರೆ ಸಿಕ್ಕಿತು. ನದಿ ಹೋದರೆ ಬಾವಿ ಇತ್ತು. ಬಾವಿ ಹೋದರೆ ಅದರ ಕೆಳಗೆ ಇನ್ನೊಂದು ಬಾವಿ ಇಲ್ಲ.

ಆದ್ದರಿಂದ ಓದುಗರೇ, ಊರಿಗೆ ಹೊಸ ಕಾರ್ಖಾನೆ ಬರುತ್ತದೆ, ಹೊಸ ಬೆಳೆ ಬರುತ್ತದೆ, ಜನ ಹೆಚ್ಚುತ್ತಾರೆ ಎಂಬ ಸುದ್ದಿ ಕೇಳಿದಾಗ ಸಂತೋಷಪಡಿ. ಜೊತೆಗೆ ಅದಕ್ಕೆ ನೀರು ಎಲ್ಲಿಂದ ಎಂದೂ ಕೇಳಿರಿ. ನಿಮ್ಮ ಕೊಳವೆ ಬಾವಿಯ ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲದ ನಂತರ ಒಮ್ಮೆ ಅಳೆದು ಬರೆದಿಡಿ. ನೆರೆಯ ಹತ್ತು ಮಂದಿಯೂ ಹೀಗೆ ಬರೆದಿಟ್ಟರೆ ಐದು ವರ್ಷಗಳಲ್ಲಿ ಊರಿನ ಜಲದ ಜಮಾಖರ್ಚು ನಿಮ್ಮ ಕೈಯಲ್ಲೇ ಇರುತ್ತದೆ. ಶೆರಿಡನ್ ರೈತರು ಸಭೆ ಸೇರಿದಾಗ ಅವರ ಕೈಯಲ್ಲಿದ್ದದ್ದು ಅಂಥ ಲೆಕ್ಕವೇ.